ಪುಟ್ಟ ದ್ವೀಪಗಳ ಕಾನೂನು ಮತ್ತು ತೀರ್ಪುಗಳನ್ನು ಅಂತರ್ಜಾಲದಲ್ಲಿ ಹುಡುಕುವ ಬಗೆ

ನೌರು, ನಿಯುವೆ, ಮಾಂಟ್ಸೆರಾಟ್, ಸೇಂಟ್ ಹೆಲೀನಾ ಮೊದಲಾದ ಹೆಸರುಗಳ ಮುಂದೆ 'ಲಾ' ಎಂದು ಸೇರಿಸಿ ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಪ್ರವಾಸೋದ್ಯಮದ ಪುಟಗಳು, ಕಂಪನಿ ನೋಂದಣಿ ಮಾಡಿಸಿಕೊಡುವ ಏಜೆಂಟರ ಜಾಹೀರಾತುಗಳು ಮತ್ತು ಯಾವ ವರ್ಷದ್ದೆಂದು ತಿಳಿಯದ ಸಾರಾಂಶಗಳು. ಇಷ್ಟನ್ನು ನೋಡಿ, ಆ ದ್ವೀಪದ ಕಾನೂನು ಅಂತರ್ಜಾಲದಲ್ಲಿ ಸಿಗುವುದೇ ಇಲ್ಲ ಎಂದು ಕೈಬಿಡುವವರು ಅನೇಕರು. ವಾಸ್ತವದಲ್ಲಿ ಬಹುಪಾಲು ದ್ವೀಪಗಳ ಶಾಸನಗಳೂ ತೀರ್ಪುಗಳೂ ಉಚಿತವಾಗಿಯೇ ದೊರೆಯುತ್ತವೆ. ಆದರೆ ಒಂದೇ ಕಡೆ ದೊರೆಯುವುದಿಲ್ಲ. ಒಂದು ದ್ವೀಪದ ಸಂವಿಧಾನ ಲಂಡನ್ನಿನ ತಾಣದಲ್ಲಿ, ಕಾಯ್ದೆಗಳು ಸ್ಥಳೀಯ ಅಟಾರ್ನಿ ಜನರಲ್ ಕಚೇರಿಯ ತಾಣದಲ್ಲಿ, ಹೈಕೋರ್ಟ್ ತೀರ್ಪುಗಳು ಯಾವುದೋ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ, ಅಂತಿಮ ಮೇಲ್ಮನವಿಯ ತೀರ್ಪು ಇನ್ನೊಂದು ಖಂಡದಲ್ಲಿ ಇರಬಹುದು. ಆದ್ದರಿಂದ ಹುಡುಕುವ ಪೆಟ್ಟಿಗೆಗೆ ಕೈಹಾಕುವ ಮೊದಲೇ, ಈ ದ್ವೀಪಕ್ಕೆ ಕಾನೂನು ಎಲ್ಲೆಲ್ಲಿಂದ ಬಂದಿದೆ ಮತ್ತು ಅದರ ಕೊನೆಯ ಮೇಲ್ಮನವಿ ಯಾವ ಊರಿಗೆ ಹೋಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಮುಂದಿನ ಕೆಲಸವೆಲ್ಲ ಆ ಹಾಳೆಯ ಮೇಲೆಯೇ ನಿಂತಿದೆ.

ಮೊದಲು ನ್ಯಾಯಾಲಯಗಳ ಶ್ರೇಣಿ

ನೌರು ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. 1976ರ ಒಪ್ಪಂದವೊಂದರ ಪ್ರಕಾರ ನೌರುವಿನ ಸುಪ್ರೀಂ ಕೋರ್ಟ್‌ನ ತೀರ್ಪುಗಳ ಮೇಲೆ, ಕೆಲವು ವಿಷಯಗಳನ್ನು ಬಿಟ್ಟು, ಆಸ್ಟ್ರೇಲಿಯಾದ ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಬಹುದಾಗಿತ್ತು. 2018ರ ಮಾರ್ಚ್‌ನಲ್ಲಿ ಆ ವ್ಯವಸ್ಥೆ ಕೊನೆಗೊಂಡು ನೌರುವಿಗೆ ತನ್ನದೇ ಮೇಲ್ಮನವಿ ನ್ಯಾಯಾಲಯ ಬಂದಿತು. ಹೀಗಾಗಿ ಆಶ್ರಯ ಕೋರಿ ನೌರುವಿನಲ್ಲಿದ್ದ ನಿರಾಶ್ರಿತರ ಪ್ರಕರಣಗಳಲ್ಲಿ ಅಂತಿಮ ಮಾತು ಏನಾಗಿತ್ತೆಂದು ನೌರುವಿನ ತಾಣಗಳಲ್ಲಷ್ಟೇ ಹುಡುಕುವವನಿಗೆ ಮುಖ್ಯ ತೀರ್ಪುಗಳೇ ತಪ್ಪಿಹೋಗುತ್ತವೆ, ಏಕೆಂದರೆ ಅವು ಆಸ್ಟ್ರೇಲಿಯಾದ ಹೈಕೋರ್ಟ್‌ನ ಸಂಗ್ರಹದಲ್ಲಿ, ಆ ನ್ಯಾಯಾಲಯದ ಸಂಕೇತದಡಿ ದಾಖಲಾಗಿವೆ. 2018ರ ನಂತರದವುಗಳಿಗಾಗಿ ಆಸ್ಟ್ರೇಲಿಯಾಕ್ಕೆ ಹೋದರೂ ಬರಿಗೈಯಲ್ಲಿ ಬರಬೇಕಾಗುತ್ತದೆ.

ಕೆರಿಬಿಯನ್ ಪ್ರದೇಶದಲ್ಲಿ ಈ ಕವಲು ಇನ್ನೂ ಹೆಚ್ಚು. ಪೂರ್ವ ಕೆರಿಬಿಯನ್ ಸುಪ್ರೀಂ ಕೋರ್ಟ್ 1967ರಲ್ಲಿ ಸ್ಥಾಪನೆಯಾದದ್ದು. ಆಂಟಿಗುವಾ ಮತ್ತು ಬಾರ್ಬುಡಾ, ಡೊಮಿನಿಕಾ, ಗ್ರೆನಡಾ, ಸೇಂಟ್ ಕಿಟ್ಸ್ ಮತ್ತು ನೆವಿಸ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್, ಜೊತೆಗೆ ಬ್ರಿಟನ್ನಿನ ಅಧೀನದಲ್ಲಿರುವ ಆಂಗ್ವಿಲಾ, ಬ್ರಿಟಿಷ್ ವರ್ಜಿನ್ ದ್ವೀಪಗಳು, ಮಾಂಟ್ಸೆರಾಟ್, ಹೀಗೆ ಒಂಬತ್ತು ಪ್ರದೇಶಗಳಿಗೆ ಅದೊಂದೇ ನ್ಯಾಯಾಲಯ. ಅದರ ಕೇಂದ್ರ ಕಚೇರಿ ಸೇಂಟ್ ಲೂಸಿಯಾದಲ್ಲಿದೆ. ಒಂಬತ್ತರ ತೀರ್ಪುಗಳೂ ಅದರ ತಾಣದಲ್ಲಿ ಉಚಿತವಾಗಿ ಸಿಗುವುದರಿಂದ ಹುಡುಕುವವನ ಕೆಲಸ ಬಹಳ ಹಗುರ. ಆದರೆ ಅಲ್ಲಿಂದ ಮೇಲಕ್ಕೆ ದಾರಿ ಎರಡಾಗಿ ಒಡೆಯುತ್ತದೆ. ಡೊಮಿನಿಕಾ 2015ರಿಂದಲೂ ಸೇಂಟ್ ಲೂಸಿಯಾ 2023ರಿಂದಲೂ ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಕೆರಿಬಿಯನ್ ನ್ಯಾಯಾಲಯವನ್ನು ಅಂತಿಮ ಮೇಲ್ಮನವಿ ನ್ಯಾಯಾಲಯವಾಗಿ ಒಪ್ಪಿಕೊಂಡಿವೆ. ಉಳಿದವು ಲಂಡನ್ನಿನ ಪ್ರಿವಿ ಕೌನ್ಸಿಲ್‌ನ ನ್ಯಾಯಿಕ ಸಮಿತಿಗೇ ಹೋಗುತ್ತವೆ. ಒಂಬತ್ತರ ಗುಂಪಿಗೆ ಸೇರದ ಬಾರ್ಬಡೋಸ್ 2005ರಲ್ಲೇ ಕೆರಿಬಿಯನ್ ನ್ಯಾಯಾಲಯದ ಕಡೆ ಹೊರಳಿತು. ಜಮೈಕಾ, ಬಹಾಮಾಸ್ ಇಂದಿಗೂ ಲಂಡನ್ನಿನ ಕಡೆಗಿವೆ. ಟ್ರಿನಿಡಾಡ್ ಮತ್ತು ಟೊಬಾಗೊ ತನ್ನ ರಾಜಧಾನಿಯಲ್ಲೇ ಕೆರಿಬಿಯನ್ ನ್ಯಾಯಾಲಯಕ್ಕೆ ಜಾಗ ಕೊಟ್ಟೂ ತನ್ನ ಮೇಲ್ಮನವಿಗಳನ್ನು ಲಂಡನ್ನಿಗೆ ಕಳಿಸುತ್ತಿರುವುದು ಈ ಕ್ಷೇತ್ರದ ಒಂದು ಸೋಜಿಗ.

ಪ್ರಿವಿ ಕೌನ್ಸಿಲ್‌ನ 2009ರ ನಂತರದ ತೀರ್ಪುಗಳು ಅದರದೇ ತಾಣದಲ್ಲಿವೆ. ಅದಕ್ಕಿಂತ ಹಿಂದಿನವು ಬ್ರಿಟನ್ ಮತ್ತು ಐರ್ಲೆಂಡಿನ ಕಾನೂನು ಮಾಹಿತಿ ಸಂಸ್ಥೆಯಾದ ಬೈಲಿಯ ಸಂಗ್ರಹದಲ್ಲಿ ಸಿಗುತ್ತವೆ. ಇಲ್ಲೊಂದು ಎಚ್ಚರಿಕೆ ಅಗತ್ಯ: ಟೊಂಗಾದ ತೀರ್ಪುಗಳಲ್ಲಿ ಬರುವ ಪ್ರಿವಿ ಕೌನ್ಸಿಲ್ ಲಂಡನ್ನಿನದಲ್ಲ. ಅದು ಟೊಂಗಾದ ದೊರೆಯ ಸ್ವಂತ ಮಂತ್ರಾಲೋಚನಾ ಸಭೆ. ಕುಲೀನರ ಬಿರುದು ಮತ್ತು ವಂಶಪಾರಂಪರ್ಯದ ಭೂಮಿಗೆ ಸಂಬಂಧಿಸಿದಂತೆ ಭೂ ನ್ಯಾಯಾಲಯದಿಂದ ಬರುವ ಮೇಲ್ಮನವಿಗಳನ್ನು ಅದು ಕೇಳುತ್ತದೆ.

ನ್ಯಾಯಾಲಯಗಳ ಹೆಸರುಗಳೂ ದಾರಿ ತಪ್ಪಿಸುತ್ತವೆ. ಸಮೋವಾ, ಟೊಂಗಾ, ವನುವಾಟುಗಳಲ್ಲಿ ಸುಪ್ರೀಂ ಕೋರ್ಟ್ ಎಂಬುದು ವಿಚಾರಣಾ ನ್ಯಾಯಾಲಯ. ಅದರ ಮೇಲೆ ಮೇಲ್ಮನವಿ ನ್ಯಾಯಾಲಯವಿದೆ. ಪಾಪುವಾ ನ್ಯೂಗಿನಿ ಮತ್ತು ಇಂದಿನ ಫಿಜಿಯಲ್ಲಿ ಸುಪ್ರೀಂ ಕೋರ್ಟ್ ನಿಜವಾಗಿಯೂ ತುದಿಯಲ್ಲಿದೆ. ಆದರೆ ಫಿಜಿಯ 1987ಕ್ಕಿಂತ ಹಿಂದಿನ ವರದಿಗಳಲ್ಲಿ ಕಾಣುವ ಸುಪ್ರೀಂ ಕೋರ್ಟ್ ಈಗಿನ ಹೈಕೋರ್ಟ್‌ನ ಮಟ್ಟದ್ದು, ಆಗಿನ ಅಂತಿಮ ಮೇಲ್ಮನವಿ ಲಂಡನ್ನಿನಲ್ಲಿತ್ತು. ಯಾವ ತೀರ್ಪು ಯಾವುದನ್ನು ಬದ್ಧಗೊಳಿಸುತ್ತದೆ ಎಂಬುದನ್ನು ಹೆಸರಿನಿಂದ ಊಹಿಸದೆ ಆ ದೇಶದ ಸಂವಿಧಾನದ ನ್ಯಾಯಾಂಗದ ಅಧ್ಯಾಯವನ್ನು ತೆರೆದು ಓದಬೇಕು.

ಪೆಸಿಫಿಕ್‌ಗೆ ಒಂದೇ ಬಾಗಿಲು

ಪೆಸಿಫಿಕ್ ಸಾಗರದ ದ್ವೀಪಗಳಿಗೆ ಸಂಬಂಧಿಸಿದಂತೆ ಮೊದಲು ಹೋಗಬೇಕಾದ ಜಾಗದ ಬಗ್ಗೆ ಎರಡು ಮಾತಿಲ್ಲ. ಅದು ಪೆಸಿಫಿಕ್ ದ್ವೀಪಗಳ ಕಾನೂನು ಮಾಹಿತಿ ಸಂಸ್ಥೆ, ಅಂದರೆ ಪ್ಯಾಕ್‌ಲಿ. ವನುವಾಟುವಿನ ರಾಜಧಾನಿ ಪೋರ್ಟ್ ವಿಲಾದಲ್ಲಿರುವ, ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯ ಆಶ್ರಯದಲ್ಲಿ ಅದು ನಡೆಯುತ್ತದೆ. ಫಿಜಿ, ಸಮೋವಾ, ಟೊಂಗಾ, ಕಿರಿಬಾಟಿ, ಟುವಾಲು, ಕುಕ್ ದ್ವೀಪಗಳು, ಮಾರ್ಷಲ್ ದ್ವೀಪಗಳು, ಪಲಾವು, ಅಷ್ಟೇಕೆ, ಐವತ್ತರ ಆಸುಪಾಸು ಜನರಿರುವ ಪಿಟ್‌ಕೈರ್ನ್ ಸಹ ಅಲ್ಲಿದೆ. 1995ರಲ್ಲಿ ಸಿಡ್ನಿಯ ಎರಡು ವಿಶ್ವವಿದ್ಯಾಲಯಗಳು ಕಟ್ಟಿದ, ಆಸ್ಟ್ರೇಲಿಯಾದ ಕಾನೂನು ಮಾಹಿತಿ ಸಂಸ್ಥೆಯಾದ ಆಸ್ಟ್‌ಲಿಯ ಮಾದರಿಯಲ್ಲೇ ಇದೂ ರೂಪುಗೊಂಡದ್ದರಿಂದ ಒಂದನ್ನು ಬಳಸಲು ಕಲಿತವರಿಗೆ ಇನ್ನೊಂದು ಹೊಸದೆನಿಸುವುದಿಲ್ಲ.

ಈ ತಾಣದಲ್ಲಿ ಪ್ರತಿ ದೇಶದ ಪುಟವೂ ಕೆಲವು ಸಂಗ್ರಹಗಳಾಗಿ ಒಡೆದಿರುತ್ತದೆ. ಆಯಾ ವರ್ಷ ಸಂಸತ್ತು ಅಂಗೀಕರಿಸಿದ ಕಾಯ್ದೆಗಳು ಒಂದು ಕಡೆ, ತಿದ್ದುಪಡಿಗಳನ್ನೆಲ್ಲ ಒಳಗೊಂಡ ಕ್ರೋಡೀಕೃತ ಕಾಯ್ದೆಗಳು ಇನ್ನೊಂದು ಕಡೆ, ನಿಯಮಗಳಂಥ ಅಧೀನ ಶಾಸನಗಳು ಮತ್ತೊಂದು ಕಡೆ, ತೀರ್ಪುಗಳು ನ್ಯಾಯಾಲಯವಾರು ಬೇರೆ. ಹೊಸಬರು ಎಡವುವುದು ಬಹುತೇಕ ಇಲ್ಲಿಯೇ. ಕ್ರೋಡೀಕೃತ ಸಂಗ್ರಹವೆಂದರೆ ಇವತ್ತಿನ ತನಕದ ಕಾನೂನು ಎಂದು ಅವರು ಭಾವಿಸುತ್ತಾರೆ. ಅದು ಯಾವ ದಿನಾಂಕದವರೆಗೆ ಕ್ರೋಡೀಕೃತವಾಗಿದೆ ಎಂದು ಪುಟದ ತಲೆಯಲ್ಲಿ ಬರೆದಿರುವುದನ್ನು ಓದುವುದಿಲ್ಲ. ವನುವಾಟುವಿನ ಕ್ರೋಡೀಕೃತ ಆವೃತ್ತಿ 2006ರದ್ದು. ಅದನ್ನು ಬಳಸುವಾತ 2006ರಿಂದ ಇಂದಿನವರೆಗಿನ ವಾರ್ಷಿಕ ಕಾಯ್ದೆಗಳ ಪಟ್ಟಿಯನ್ನು ಒಂದೊಂದಾಗಿ ನೋಡಿ, ತನ್ನ ಕಾಯ್ದೆಯ ಹೆಸರಿನ ಜೊತೆ 'ತಿದ್ದುಪಡಿ' ಅಥವಾ 'ರದ್ದತಿ' ಎಂಬ ಪದವಿರುವ ಪ್ರತಿಯೊಂದನ್ನೂ ತೆರೆಯಲೇಬೇಕು. ಬೇಸರದ ಕೆಲಸ, ಆದರೆ ಇದಕ್ಕೆ ಒಳದಾರಿಯಿಲ್ಲ.

ತೀರ್ಪುಗಳ ವಿಷಯದಲ್ಲಿ ತಟಸ್ಥ ಉಲ್ಲೇಖ ಎಂಬ ಪದ್ಧತಿಯನ್ನು ಅರ್ಥಮಾಡಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಚೌಕ ಆವರಣದಲ್ಲಿ ವರ್ಷ, ಆಮೇಲೆ ದೇಶದ ಎರಡಕ್ಷರ, ಅದಕ್ಕೆ ಅಂಟಿಕೊಂಡಂತೆ ನ್ಯಾಯಾಲಯದ ಅಕ್ಷರಗಳು, ಕೊನೆಗೆ ಆ ವರ್ಷದ ಕ್ರಮಸಂಖ್ಯೆ. ಎಫ್‌ಜೆಸಿಎ ಎಂದರೆ ಫಿಜಿಯ ಮೇಲ್ಮನವಿ ನ್ಯಾಯಾಲಯ, ವಿಯುಎಸ್‌ಸಿ ಎಂದರೆ ವನುವಾಟುವಿನ ಸುಪ್ರೀಂ ಕೋರ್ಟ್, ಎಸ್‌ಬಿಎಚ್‌ಸಿ ಎಂದರೆ ಸಾಲೊಮನ್ ದ್ವೀಪಗಳ ಹೈಕೋರ್ಟ್. ಸಮೋವಾದ ಸಂಕೇತ ಡಬ್ಲ್ಯುಎಸ್ ಎಂದು ಆರಂಭವಾಗುವುದು ಆ ದೇಶ 1997ರವರೆಗೆ ವೆಸ್ಟರ್ನ್ ಸಮೋವಾ ಎಂದು ಕರೆಸಿಕೊಳ್ಳುತ್ತಿದ್ದುದರಿಂದ. ಹಳೆಯ ತೀರ್ಪುಗಳಿಗೂ ಪ್ಯಾಕ್‌ಲಿ ಇಂಥ ಸಂಖ್ಯೆಗಳನ್ನು ಕೊಟ್ಟಿದೆ. ಆದರೆ ಅವನ್ನು ಉಲ್ಲೇಖಿಸುವ ಅಂದಿನ ಬರಹಗಳಲ್ಲಿ ಕಾಣುವುದು ಮುದ್ರಿತ ವರದಿಯ ಸಂಪುಟ ಮತ್ತು ಪುಟಸಂಖ್ಯೆ ಮಾತ್ರ. ಆಗ ಪಕ್ಷಕಾರರ ಹೆಸರು ಮತ್ತು ವರ್ಷದ ಮೂಲಕವೇ ಹುಡುಕಬೇಕಾಗುತ್ತದೆ. ಪೆಸಿಫಿಕ್‌ನ ಹೆಸರುಗಳ ಕಾಗುಣಿತ ಒಂದು ತೀರ್ಪಿನಿಂದ ಇನ್ನೊಂದಕ್ಕೆ ಬದಲಾಗುವುದು ಸಾಮಾನ್ಯವಾದುದರಿಂದ, ಹೆಸರಿನ ಮೊದಲ ಕೆಲವು ಅಕ್ಷರಗಳಷ್ಟನ್ನೇ ಹಿಡಿದು ವರ್ಷವಾರು ಪಟ್ಟಿಯನ್ನು ಕಣ್ಣಾರೆ ನೋಡುವುದು ಶೋಧಯಂತ್ರಕ್ಕಿಂತ ವೇಗವಾದ ದಾರಿ.

ಗೂಗಲ್ ಇಲ್ಲಿ ಹೆಚ್ಚು ನೆರವಾಗದಿರಲು ಇನ್ನೊಂದು ಕಾರಣವಿದೆ. ಆಸ್ಟ್‌ಲಿ, ಬೈಲಿಯಂಥ ತಾಣಗಳು ಪಕ್ಷಕಾರರ ಖಾಸಗಿತನವನ್ನು ಲೆಕ್ಕಕ್ಕೆ ತೆಗೆದುಕೊಂಡು, ತಮ್ಮ ತೀರ್ಪುಗಳ ಪುಟಗಳನ್ನು ಹೊರಗಿನ ಶೋಧಯಂತ್ರಗಳು ಸೂಚಿಗೆ ಸೇರಿಸಿಕೊಳ್ಳದಂತೆ ತಡೆದಿವೆ. ಹೀಗಾಗಿ ಗೂಗಲ್‌ನಲ್ಲಿ ಸಿಗಲಿಲ್ಲ ಎಂಬುದು ತೀರ್ಪು ಇಲ್ಲ ಎಂಬುದಕ್ಕೆ ಪುರಾವೆಯಾಗಲಾರದು. ತಾಣದ ಒಳಗಿನ ಹುಡುಕುವ ಪೆಟ್ಟಿಗೆಯನ್ನೇ ಬಳಸಬೇಕು.

ಕಾಯ್ದೆ ಸಿಕ್ಕಿತು, ಜಾರಿಯಲ್ಲಿದೆಯೇ?

ಕಾಯ್ದೆಯ ಪಠ್ಯ ಕೈಗೆ ಬಂದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಮತ್ತು ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಸಮಯ ಬೇಡುವುದೂ ಇದೇ. ಫಿಜಿಯ ಕ್ರಿಮಿನಲ್ ಕಾನೂನನ್ನು ನೋಡಿ. ಬಹುಕಾಲ ಅಲ್ಲಿದ್ದದ್ದು ದಂಡ ಸಂಹಿತೆ, ಫಿಜಿಯ ಕಾನೂನುಗಳ ಸಂಪುಟದಲ್ಲಿ 17ನೆಯ ಅಧ್ಯಾಯವೆಂದು ಉಲ್ಲೇಖಿಸಲಾಗುತ್ತಿತ್ತು. 2009ರಲ್ಲಿ, ಸಂಸತ್ತು ಇಲ್ಲದಿದ್ದ ಅವಧಿಯಲ್ಲಿ, ಕ್ರೈಮ್ಸ್ ಡಿಕ್ರಿ ಎಂಬ ಶಾಸನ ಹೊರಟು 2010ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಆ ಬಳಿಕ 2016ರ ಪರಿಷ್ಕೃತ ಆವೃತ್ತಿಯಲ್ಲಿ ಡಿಕ್ರಿಗಳೆಲ್ಲ ಕಾಯ್ದೆಗಳೆಂಬ ಹೆಸರು ಪಡೆದವು. ಈಗ ಅದು ಕ್ರೈಮ್ಸ್ ಆಕ್ಟ್ 2009. ಮೂರು ಹೆಸರುಗಳಲ್ಲೂ ತೀರ್ಪುಗಳಿವೆ. ಇಂದಿನ ಹೆಸರಿನಿಂದ ಮಾತ್ರ ಹುಡುಕಿದರೆ 2010ರಿಂದ 2016ರವರೆಗಿನ ತೀರ್ಪುಗಳು ಬಹುಪಾಲು ತಪ್ಪಿಹೋಗುತ್ತವೆ, ಹಳೆಯ ಹೆಸರಿನಿಂದ ಮಾತ್ರ ಹುಡುಕಿದರೆ ಈಗ ಅನ್ವಯವಾಗದ ತೀರ್ಪುಗಳ ರಾಶಿ ಬೀಳುತ್ತದೆ. ಫಿಜಿ ಸರ್ಕಾರದ ಕಾನೂನು ತಾಣದಲ್ಲಿ ಪರಿಷ್ಕೃತ ಪಠ್ಯವಿದೆ. ಶಾಸನಕ್ಕೆ ಅಲ್ಲಿ, ತೀರ್ಪಿಗೆ ಪ್ಯಾಕ್‌ಲಿಯಲ್ಲಿ ಎಂದು ಎರಡು ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡುವುದು ಲೇಸು. ಕೇಮನ್ ದ್ವೀಪಗಳಲ್ಲೂ ಹೀಗೆಯೇ: 2020ರ ಕೊನೆಯವರೆಗೆ 'ಕಂಪನೀಸ್ ಲಾ' ಎನಿಸಿಕೊಂಡದ್ದು ಆಮೇಲೆ 'ಕಂಪನೀಸ್ ಆಕ್ಟ್' ಆಯಿತು, ಮತ್ತು ಹೆಸರಿನ ಜೊತೆಗಿರುವ ಪರಿಷ್ಕರಣೆಯ ವರ್ಷವನ್ನು ಗಮನಿಸದಿದ್ದರೆ ಹಳೆಯ ಕಲಮು ಸಂಖ್ಯೆಯನ್ನೇ ಉಲ್ಲೇಖಿಸುವ ಅಪಾಯವಿದೆ.

ಕಾಯ್ದೆಗೆ ಅಂಕಿತ ಬಿದ್ದ ದಿನವೂ ಅದು ಜಾರಿಗೆ ಬಂದ ದಿನವೂ ಬೇರೆಯಾಗಿರಬಹುದು. ಜಾರಿಯ ದಿನವನ್ನು ಸಚಿವರು ಗೆಜೆಟ್ ಅಧಿಸೂಚನೆಯ ಮೂಲಕ ಗೊತ್ತುಪಡಿಸಬೇಕೆಂದು ಕಾಯ್ದೆಯ ಮೊದಲ ಕಲಮಿನಲ್ಲಿ ಹೇಳಿದ್ದರೆ, ಆ ಅಧಿಸೂಚನೆಯನ್ನು ಹುಡುಕದೆ ಮುಂದೆ ಹೋಗಬಾರದು. ಐಲ್ ಆಫ್ ಮ್ಯಾನ್‌ನಲ್ಲಿ ಇದಕ್ಕೊಂದು ವಿಶೇಷ ರೂಪವಿದೆ: ರಾಜಾಂಕಿತ ಸಿಕ್ಕ ಕಾಯ್ದೆಯನ್ನು ಹದಿನೆಂಟು ತಿಂಗಳೊಳಗೆ ಟಿನ್ವಾಲ್ಡ್ ಗುಡ್ಡದ ಮೇಲೆ ಬಹಿರಂಗವಾಗಿ ಸಾರದಿದ್ದರೆ ಅದು ಊರ್ಜಿತದಲ್ಲಿ ಉಳಿಯುವುದಿಲ್ಲ. ಸಾರುವುದು ಸಾಮಾನ್ಯವಾಗಿ ಜುಲೈ 5ರಂದು.

ಬೇರೆಡೆಯಿಂದ ಬಂದ ಕಾನೂನು ಇನ್ನೂ ಜಟಿಲ. ಸಾಲೊಮನ್ ದ್ವೀಪಗಳ ಸಂವಿಧಾನದ ಮೂರನೆಯ ಅನುಸೂಚಿಯ ಪ್ರಕಾರ, 1961ರ ಜನವರಿ 1ರಂದು ಇಂಗ್ಲೆಂಡಿನಲ್ಲಿ ಜಾರಿಯಲ್ಲಿದ್ದ, ಸಾಮಾನ್ಯವಾಗಿ ಅನ್ವಯವಾಗುವ ಬ್ರಿಟಿಷ್ ಸಂಸತ್ತಿನ ಕಾಯ್ದೆಗಳು, ಸ್ಥಳೀಯ ಕಾಯ್ದೆ ಮತ್ತು ಸಂವಿಧಾನಕ್ಕೆ ಒಳಪಟ್ಟು, ಪರಿಸ್ಥಿತಿ ಒಪ್ಪುವ ಮಟ್ಟಿಗೆ ಅಲ್ಲಿ ಅನ್ವಯವಾಗುತ್ತವೆ. ಅಂದರೆ ಸ್ಥಳೀಯ ಕಾಯ್ದೆಗಳಲ್ಲಿ ವಿಷಯವೊಂದರ ಬಗ್ಗೆ ಏನೂ ಕಾಣದಿದ್ದರೆ, ಕಾನೂನು ಮೌನವಾಗಿದೆ ಎನ್ನುವ ಮುಂಚೆ 1961ರ ಇಂಗ್ಲೆಂಡಿಗೆ ಹೋಗಬೇಕು. ಬ್ರಿಟನ್ ಸರ್ಕಾರದ ಶಾಸನ ತಾಣ ಒಂದು ಕಾಯ್ದೆಯ ಇಂದಿನ ತಿದ್ದುಪಡಿಯಾದ ರೂಪವನ್ನೇ ಮೊದಲು ತೋರಿಸುವುದರಿಂದ, ಮೂಲತಃ ಅಂಗೀಕೃತವಾದ ರೂಪವನ್ನು ಆರಿಸಿಕೊಂಡು, 1961ರ ಒಳಗಿನ ತಿದ್ದುಪಡಿಗಳನ್ನು ಮಾತ್ರ ಸೇರಿಸಿ ಓದಿಕೊಳ್ಳಬೇಕಾಗುತ್ತದೆ. ಅದೇ ಅನುಸೂಚಿಯು, 1978ರ ಜುಲೈ 7ರಂದು ಅಥವಾ ಆಮೇಲೆ ಬಂದ ವಿದೇಶಿ ತೀರ್ಪು ಯಾವುದೂ ಅಲ್ಲಿನ ನ್ಯಾಯಾಲಯಗಳನ್ನು ಬದ್ಧಗೊಳಿಸದು ಎನ್ನುತ್ತದೆ. ಅದು ಆ ದೇಶ ಸ್ವತಂತ್ರವಾದ ದಿನ. ಸ್ಥಳೀಯ ಪದ್ಧತಿಯ ಕಾನೂನಿಗೂ ಅಲ್ಲಿ ಮಾನ್ಯತೆಯಿದೆ, ಆದರೆ ಅದು ಯಾವ ಕಾಯ್ದೆ ಪುಸ್ತಕದಲ್ಲೂ ಸಿಗದೆ, ಸಾಕ್ಷ್ಯ ನುಡಿದವರ ಮಾತಿನ ಮೂಲಕ ತೀರ್ಪುಗಳ ಒಳಗೆ ಮಾತ್ರ ಕಾಣುತ್ತದೆ. ವನುವಾಟುವಿನಲ್ಲಿ ಇನ್ನೊಂದು ಪದರವಿದೆ. 1906ರಿಂದ ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳಿದ ನ್ಯೂ ಹೆಬ್ರಿಡೀಸ್ 1980ರಲ್ಲಿ ವನುವಾಟು ಆದಾಗ, ಜಂಟಿ ನಿಯಮಾವಳಿಗಳ ಜೊತೆಗೆ ಬ್ರಿಟಿಷ್ ಮತ್ತು ಫ್ರೆಂಚ್ ಕಾನೂನುಗಳೆರಡೂ ಸಂವಿಧಾನದ 95ನೆಯ ವಿಧಿಯಡಿ ಉಳಿದುಕೊಂಡವು. ಟುವಾಲು, ಕಿರಿಬಾಟಿಗಳ ಹಳೆಯ ಶಾಸನಗಳಿಗಾಗಿ ಗಿಲ್ಬರ್ಟ್ ಮತ್ತು ಎಲಿಸ್ ದ್ವೀಪಗಳ ವಸಾಹತು ಎಂಬ ಹೆಸರಿನಿಂದ ಹುಡುಕದೆ ಗತಿಯಿಲ್ಲ.

ಕಾನೂನು ಎಲ್ಲಿ ಪ್ರಕಟವಾಗಿದೆ ಎಂಬ ಪ್ರಶ್ನೆ ಒಮ್ಮೆ ನ್ಯಾಯಾಲಯದ ಮುಂದೆಯೇ ಬಂದಿತ್ತು. ಪಿಟ್‌ಕೈರ್ನ್‌ನಲ್ಲಿ ಲೈಂಗಿಕ ಅಪರಾಧಗಳಿಗಾಗಿ ಶಿಕ್ಷೆಗೊಳಗಾದವರು, ತಮ್ಮ ಮೇಲೆ ಹೊರಿಸಿದ 1956ರ ಇಂಗ್ಲಿಷ್ ಕಾಯ್ದೆಯನ್ನು ದ್ವೀಪದಲ್ಲಿ ಸರಿಯಾಗಿ ಪ್ರಕಟಿಸಿಯೇ ಇರಲಿಲ್ಲ ಎಂದು ವಾದಿಸಿದರು. ಪ್ರಿವಿ ಕೌನ್ಸಿಲ್ 2006ರ ಅಕ್ಟೋಬರ್‌ನಲ್ಲಿ ಮೇಲ್ಮನವಿಗಳನ್ನು ವಜಾ ಮಾಡಿತು. ಆದರೂ ಕಾನೂನು ಜನರ ಕೈಗೆ ಎಟುಕುವಂತಿರಬೇಕು ಎಂಬ ವಿಷಯದ ಮೇಲೆ ನ್ಯಾಯಾಧೀಶರು ಬರೆದ ಪುಟಗಳನ್ನು ಈ ಕೆಲಸ ಮಾಡುವ ಯಾರಾದರೂ ಓದಬೇಕು. ಅದರ ಉಲ್ಲೇಖ [2006] ಯುಕೆಪಿಸಿ 47.

ಉಳಿದ ಸಾಗರಗಳು

ಬ್ರಿಟನ್ನಿನ ಸಾಗರೋತ್ತರ ಪ್ರದೇಶಗಳ ಸಂವಿಧಾನಗಳು ಲಂಡನ್ನಿನಲ್ಲಿ ಹೊರಡಿಸಿದ ಆದೇಶಗಳ ರೂಪದಲ್ಲಿರುವುದರಿಂದ ಅವನ್ನು ಬ್ರಿಟನ್ನಿನ ಶಾಸನ ತಾಣದಲ್ಲಿ ನೋಡಬೇಕು: ಕೇಮನ್ ಮತ್ತು ಸೇಂಟ್ ಹೆಲೀನಾಗಳದು 2009ರದ್ದು, ಪಿಟ್‌ಕೈರ್ನ್‌ನದು 2010ರದ್ದು. ದಿನನಿತ್ಯದ ಕಾಯ್ದೆಗಳಿಗೆ ಆಯಾ ಪ್ರದೇಶದ ತಾಣಗಳಿವೆ. ಬರ್ಮುಡಾದ ತಾಣವಂತೂ ಬಳಸಲು ಸುಲಭ. ಇನ್ನು ಇಂಗ್ಲಿಷ್ ಕಡಲ್ಗಾಲುವೆಯ ದ್ವೀಪಗಳು: ಜರ್ಸಿಯಲ್ಲಿ ಅಲ್ಲಿನ ಕಾನೂನು ಮಾಹಿತಿ ಮಂಡಳಿ ಶಾಸನ, ತೀರ್ಪುಗಳನ್ನು ಒಂದೇ ಕಡೆ ಇಟ್ಟಿದೆ. ಗರ್ನ್‌ಸಿಯ ತಾಣದಲ್ಲಿ ಆಲ್ಡರ್ನಿ ಮತ್ತು ಸಾರ್ಕ್‌ಗಳ ಶಾಸನಗಳೂ ಸೇರಿವೆ. ಈ ದ್ವೀಪಗಳಲ್ಲಿ ನಾರ್ಮನ್ ಪದ್ಧತಿಯ ಕಾನೂನು ಇಂದಿಗೂ ಜೀವಂತವಾಗಿದ್ದು, ಉಯಿಲುಗಳ ಕುರಿತ ಜರ್ಸಿಯ 1851ರ ಶಾಸನದಂಥ ಹಳೆಯವು ಫ್ರೆಂಚ್ ಭಾಷೆಯಲ್ಲೇ ಇವೆ. ಇಂಗ್ಲಿಷ್ ಪದಗಳಿಂದ ಮಾತ್ರ ಹುಡುಕಿದರೆ ಅವು ಸಿಗಲಾರವು.

ಸೇಶೆಲ್ಸ್‌ಗೆ ಸೇಲಿ ಎಂಬ ಉಚಿತ ತಾಣವಿದೆ. ಮಾರಿಷಸ್‌ನ ತೀರ್ಪುಗಳು ಅದರ ಸುಪ್ರೀಂ ಕೋರ್ಟ್‌ನ ತಾಣದಲ್ಲಿವೆ. ಎರಡರಲ್ಲೂ ನಾಗರಿಕ ಸಂಹಿತೆಯ ಮೂಲ ಫ್ರೆಂಚ್ ಪರಂಪರೆಯದು, ತೀರ್ಪಿನ ಭಾಷೆ ಹೆಚ್ಚಾಗಿ ಇಂಗ್ಲಿಷ್. ಸೇಶೆಲ್ಸ್‌ನ ಹೊಸ ನಾಗರಿಕ ಸಂಹಿತೆ 2021ರ ಜುಲೈ 1ರಿಂದ ಜಾರಿಯಲ್ಲಿರುವುದರಿಂದ ಅದಕ್ಕೂ ಹಿಂದಿನ ತೀರ್ಪುಗಳಲ್ಲಿನ ವಿಧಿ ಸಂಖ್ಯೆಗಳನ್ನು ಹೊಸದರೊಂದಿಗೆ ಹೋಲಿಸಿಯೇ ಬಳಸಬೇಕು. ಮಾಲ್ಡೀವ್ಸ್‌ನ ಶಾಸನಗಳ ಅಧಿಕೃತ ಪಠ್ಯ ದಿವೇಹಿ ಭಾಷೆಯದು, ತಾನಾ ಲಿಪಿಯಲ್ಲಿದೆ. ಇಂಗ್ಲಿಷ್ ಅನುವಾದ ತಿಳಿವಳಿಕೆಗೆ ಸಾಕು, ವಾದಕ್ಕೆ ಸಾಲದು. ಅಲ್ಲಿನ ಕಾಯ್ದೆಗಳನ್ನು ಸಂಖ್ಯೆ ಮತ್ತು ವರ್ಷದಿಂದ ಗುರುತಿಸುತ್ತಾರೆ: ದಂಡ ಸಂಹಿತೆ 9/2014. ಹೆಸರಿನ ಅನುವಾದಕ್ಕಿಂತ ಈ ಸಂಖ್ಯೆಯಿಂದ ಹುಡುಕುವುದು ಖಚಿತ.

ದ್ವೀಪದ ಸ್ವಂತ ತಾಣ ತೆರೆಯದಿದ್ದಾಗ ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವಿಷಯವಾರು ಸಂಗ್ರಹಗಳು ಅನುಕೂಲಕ್ಕೆ ಬರುತ್ತವೆ. ಮೀನುಗಾರಿಕೆ, ಭೂಮಿ, ನೀರು ಕುರಿತ ಶಾಸನಗಳಿಗೆ ಆಹಾರ ಮತ್ತು ಕೃಷಿ ಸಂಸ್ಥೆಯ ಫಾವೋಲೆಕ್ಸ್, ಕಾರ್ಮಿಕ ಕಾನೂನಿಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನ್ಯಾಟ್‌ಲೆಕ್ಸ್, ಪೇಟೆಂಟ್, ಕೃತಿಸ್ವಾಮ್ಯಗಳಿಗೆ ವೈಪೋ ಲೆಕ್ಸ್. ಅಲ್ಲಿ ಸಿಗುವ ಪ್ರತಿ ಎಷ್ಟು ಹಳೆಯದೆಂದು ನೋಡಿಕೊಳ್ಳುವ ಹೊಣೆ ಮಾತ್ರ ಓದುವವರದು.

ಪ್ರತಿ ತೆಗೆದಿಡುವುದು, ಸಿಗದಿದ್ದರೆ ಕೇಳುವುದು

2022ರ ಜನವರಿಯಲ್ಲಿ ಜ್ವಾಲಾಮುಖಿ ಸ್ಫೋಟಿಸಿ ಸಮುದ್ರದಡಿಯ ಕೇಬಲ್ ತುಂಡಾದಾಗ ಟೊಂಗಾದ ಅಂತರ್ಜಾಲ ಸಂಪರ್ಕ ಸಹಜ ಸ್ಥಿತಿಗೆ ಬರಲು ಸುಮಾರು ಐದು ವಾರ ಹಿಡಿಯಿತು. ಅಷ್ಟು ದೊಡ್ಡ ಅನಾಹುತವೇ ಬೇಕೆಂದೇನಿಲ್ಲ. ಸರ್ಕಾರಿ ತಾಣವೊಂದು ಹೊಸ ರೂಪ ಪಡೆದರೂ ಹಳೆಯ ಕೊಂಡಿಗಳೆಲ್ಲ ಸತ್ತುಹೋಗುತ್ತವೆ. ಆದ್ದರಿಂದ ಉಪಯುಕ್ತ ದಾಖಲೆ ಕಂಡ ಕೂಡಲೇ ಅದರ ಪಿಡಿಎಫ್ ಇಳಿಸಿಕೊಂಡು, ಕಡತದ ಹೆಸರಿನಲ್ಲೇ ದೇಶ, ಕಾಯ್ದೆ, ಎಂದಿನವರೆಗಿನ ತಿದ್ದುಪಡಿ, ಇಳಿಸಿಕೊಂಡ ದಿನ, ಇಷ್ಟನ್ನು ಬರೆದಿಡಬೇಕು. ಸತ್ತ ಕೊಂಡಿಯನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ನೋಡಿದರೆ ಎಷ್ಟೋ ವೇಳೆ ಹಳೆಯ ಪುಟ ಮರಳಿ ಸಿಗುತ್ತದೆ.

ಎಲ್ಲ ತೀರ್ಪುಗಳೂ ಬರಹದಲ್ಲಿರುವುದಿಲ್ಲ. ಚಿಕ್ಕ ನ್ಯಾಯಾಲಯಗಳಲ್ಲಿ ಬಾಯ್ಮಾತಿನಲ್ಲಿ ಕೊಟ್ಟ ಆದೇಶಗಳು ಕಡತದಲ್ಲಷ್ಟೇ ಉಳಿಯುತ್ತವೆ, ಕೌಟುಂಬಿಕ ಮತ್ತು ಮಕ್ಕಳ ಪ್ರಕರಣಗಳಲ್ಲಿ ಹೆಸರನ್ನು ಮರೆಮಾಡಿರುತ್ತಾರೆ. ಹೆಸರು ಮರೆಮಾಡಿದ ತೀರ್ಪನ್ನು ಉಲ್ಲೇಖಿಸುವಾಗ ಊರು, ಉದ್ಯೋಗ, ಬಂಧುತ್ವದ ವಿವರಗಳನ್ನೂ ಬಿಡುವುದು ಉಚಿತ, ಏಕೆಂದರೆ ಕೆಲವೇ ಸಾವಿರ ಜನರಿರುವ ಕಡೆ ಅಷ್ಟು ವಿವರದಿಂದಲೇ ವ್ಯಕ್ತಿ ಯಾರೆಂದು ಗೊತ್ತಾಗಿಬಿಡುತ್ತದೆ.

ಎಲ್ಲೂ ಸಿಗದಿದ್ದರೆ ಆ ದ್ವೀಪದ ನ್ಯಾಯಾಲಯದ ರಿಜಿಸ್ಟ್ರಾರ್‌ಗೆ, ಶಾಸನವಾದರೆ ಅಟಾರ್ನಿ ಜನರಲ್ ಕಚೇರಿಗೆ ಅಥವಾ ಸಂಸತ್ತಿನ ಗುಮಾಸ್ತರ ಕಚೇರಿಗೆ ಮಿಂಚಂಚೆ ಬರೆಯಬೇಕು. ಪತ್ರದಲ್ಲಿ ಒಂದೇ ದಾಖಲೆಯನ್ನು ಕೇಳಿ, ಪಕ್ಷಕಾರರ ಹೆಸರು, ಪ್ರಕರಣದ ಸಂಖ್ಯೆ, ವರ್ಷ, ಈವರೆಗೆ ಎಲ್ಲೆಲ್ಲಿ ನೋಡಿದ್ದೀರಿ ಎಂಬುದನ್ನು ನಾಲ್ಕೈದು ಸಾಲಿನಲ್ಲಿ ತಿಳಿಸಿದರೆ ಸಾಕು. ಕಾನೂನಿನ ಅರ್ಥ ವಿವರಿಸಿ ಎಂದು ಕೇಳಿದರೆ ಅದು ಅವರ ಕೆಲಸವಲ್ಲವಾದ್ದರಿಂದ ಉತ್ತರ ಬರುವುದು ಕಷ್ಟ. ನ್ಯಾಯಾಲಯದ ಮುಂದೆ ಹಾಜರುಪಡಿಸಲು ಬೇಕಾಗಿದ್ದರೆ ದೃಢೀಕೃತ ಪ್ರತಿ ಬೇಕೆಂದು ಮೊದಲ ಪತ್ರದಲ್ಲೇ ಸ್ಪಷ್ಟಪಡಿಸಿ, ಶುಲ್ಕ ಎಷ್ಟು ಮತ್ತು ಅದನ್ನು ಹೇಗೆ ಪಾವತಿಸಬೇಕು ಎಂದು ಕೇಳಿಕೊಳ್ಳಬೇಕು.